ಹುಲ್ಲು ಕೊಡದೆ ಇಟ್ಟಿಗೆ ಕೇಳಿದವರು

(ಮೇ 1ರ ಕಾರ್ಮಿಕ ಸಂತ ಜೋಸೆಫರ ಹಬ್ಬಕ್ಕೆ ಹತ್ತಿರದ ಭಾನುವಾರದ ಧರ್ಮೋಪದೇಶ. ವಾಚನ: ವಿಮೋಚನಕಾಂಡ 5:1ರಿಂದ 6:13)



ಮೂರು ದಿನದ ಬಿಡುವು ಕೇಳಿದ್ದಕ್ಕೆ ಫರೋಹ ಏನು ಮಾಡಿದ ಎಂಬುದನ್ನು ಈಗಷ್ಟೇ ಕೇಳಿದಿರಿ. ನಮ್ಮ ಜನ ಅರಣ್ಯಕ್ಕೆ ಹೋಗಿ ದೇವರಿಗೆ ಹಬ್ಬ ಮಾಡಿ ಬರಲಿ ಎಂದು ಮೋಶೆ, ಆರೋನರು ಬೇಡಿಕೊಂಡರು. ಆಗುವುದಿಲ್ಲ ಎಂದು ಹೇಳಿ ಅಷ್ಟಕ್ಕೇ ಬಿಡಬಹುದಿತ್ತು. ಅವನು ಬಿಡಲಿಲ್ಲ. ಅಂದೇ ಆಜ್ಞೆ ಹೊರಟಿತು: ಇಟ್ಟಿಗೆಯ ಮಣ್ಣಿಗೆ ಕಲಸುವ ಹುಲ್ಲನ್ನು ಇನ್ನು ಮೇಲೆ ಕೊಡುವುದಿಲ್ಲ, ಅವರೇ ಹುಡುಕಿ ತಂದುಕೊಳ್ಳಲಿ, ಇಟ್ಟಿಗೆಯ ಲೆಕ್ಕದಲ್ಲಿ ಮಾತ್ರ ಒಂದೂ ಕಡಿಮೆಯಾಗಕೂಡದು.

ಹುಲ್ಲು ಯಾಕೆ ಬೇಕೆಂದು ಮಣ್ಣಿನ ಕೆಲಸ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ನೈಲ್ ನದಿಯ ಮೆಕ್ಕಲು ಮಣ್ಣಿಗೆ ಕತ್ತರಿಸಿದ ಹುಲ್ಲು ಸೇರಿಸಿ, ಕಾಲಲ್ಲಿ ತುಳಿದು, ಅಚ್ಚಿಗೆ ಹಾಕಿ ಬಿಸಿಲಲ್ಲಿ ಒಣಗಿಸುತ್ತಿದ್ದರು. ಹುಲ್ಲಿಲ್ಲದ ಇಟ್ಟಿಗೆ ಒಣಗುವಾಗಲೇ ಬಿರುಕು ಬಿಡುತ್ತದೆ. ಕೆಲಸ ಕೆಲಸವಾಗಿ ನಿಲ್ಲಲು ಯಾವುದು ಬೇಕೋ ಅದನ್ನೇ ಫರೋಹ ಕಿತ್ತುಕೊಂಡ. ಜನ ಈಜಿಪ್ಟಿನ ಉದ್ದಗಲಕ್ಕೂ ಚದುರಿ, ಕೊಯ್ಲಾದ ಹೊಲಗಳಲ್ಲಿ ಉಳಿದ ಕೂಳೆ ಆರಿಸಿದರು. ಹೊತ್ತೆಲ್ಲ ಅದಕ್ಕೇ ಹೋಯಿತು. ಲೆಕ್ಕ ಕಡಿಮೆ ಬಂತು. ಏಟು ಬಿತ್ತು.

ಏಟಿಗಿಂತ ಹೆಚ್ಚು ನನ್ನನ್ನು ಕಾಡುವುದು ಫರೋಹನ ಬಾಯಿಯ ಮಾತು. ಇವರು ಮೈಗಳ್ಳರು, ಅದಕ್ಕೇ ಹಬ್ಬ ಗಿಬ್ಬ ಅನ್ನುತ್ತಾರೆ ಎನ್ನುತ್ತಾನೆ ಅವನು, ಒಂದು ಸಲವಲ್ಲ, ಮತ್ತೆ ಮತ್ತೆ. ಹುಲ್ಲು ತೆಗೆದವನು ತಾನು, ಗುಣ ಕೆಟ್ಟದ್ದು ದುಡಿಯುವವನದು! ಆ ಮಾತಿಗೆ ಎಷ್ಟು ಸಾವಿರ ವರ್ಷವಾದರೂ ವಯಸ್ಸಾಗಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ, ಬೊಮ್ಮನಹಳ್ಳಿಯಲ್ಲಿ, ನಮ್ಮ ಮೈಸೂರು ರಸ್ತೆಯಲ್ಲಿ ನಿಮ್ಮಲ್ಲಿ ಎಷ್ಟೋ ಮಂದಿ ಅದನ್ನು ಕೇಳಿಸಿಕೊಂಡೇ ಮನೆಗೆ ಬರುತ್ತೀರಿ.

ನಮ್ಮ ಧರ್ಮಕೇಂದ್ರದ ಬಹಳಷ್ಟು ಮನೆಗಳಿಂದ ಒಬ್ಬರಾದರೂ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಮದ್ದೂರು, ರಾಮನಗರದ ಕಡೆಯಿಂದ ರೈಲು ಹಿಡಿದು ಬರುವ ನೆಂಟರೂ ನಿಮಗಿದ್ದಾರೆ. ಅಲ್ಲಿನ ದಿನಚರಿ ನನಗಿಂತ ನಿಮಗೆ ಗೊತ್ತು. ಲೈನಿನ ತಲೆಗೆ ಒಂದು ಬೋರ್ಡು, ಅದರಲ್ಲಿ ಗಂಟೆ ಗಂಟೆಯ ಟಾರ್ಗೆಟ್. ಒಬ್ಬರು ಕಾಲರ್ ಕೂಡಿಸಿದರೆ, ಮುಂದಿನವರು ಕಫ್, ಅದರ ಮುಂದಿನವರು ಗುಂಡಿ. ನಡುವೆ ಒಂದು ಕೈ ನಿಧಾನವಾದರೆ ಹಿಂದೆ ಪೀಸು ರಾಶಿ ಬೀಳುತ್ತದೆ, ಮುಂದಿನವಳು ಸುಮ್ಮನೆ ಕೂರುತ್ತಾಳೆ, ಬೈಗುಳ ಮಧ್ಯದವಳಿಗೆ. ನೀರು ಕುಡಿದರೆ ಬಾತ್‌ರೂಮಿಗೆ ಏಳಬೇಕಾಗುತ್ತದೆ ಎಂದು ನೀರನ್ನೇ ಕುಡಿಯದ ಹೆಣ್ಣುಮಕ್ಕಳು ಇದೇ ಬೆಂಚುಗಳಲ್ಲಿ ಕೂತಿದ್ದೀರಿ. ಆರ್ಡರ್ ಇಲ್ಲದ ದಿನ ಮನೆಗೆ ಕಳಿಸಿ, ಅದರ ಬದಲು ಭಾನುವಾರ ಬನ್ನಿ ಎನ್ನುವುದೂ ಉಂಟು. ಕಾಂಪ್ ಆಫ್ ಎಂದು ಅದಕ್ಕೊಂದು ಹೆಸರಿದೆ. ಆ ಭಾನುವಾರ ಇಲ್ಲಿ ಬೆಂಚು ಖಾಲಿ ಇರುತ್ತದೆ. ಹಬ್ಬಕ್ಕೆ ಬಿಡುವು ಕೇಳಿದವರ ಕಥೆ ಇದು ಎಂಬುದನ್ನು ಮರೆಯಬೇಡಿ.

ಈ ಒತ್ತಡ ಎಲ್ಲಿಂದ ಹೊರಡುತ್ತದೆ? ಸೂಪರ್‌ವೈಸರನ ಗಂಟಲಿನಿಂದ ಅಂದುಕೊಳ್ಳುವುದು ಸುಲಭ. ಸ್ವಲ್ಪ ಮೇಲೆ ನೋಡಿ. 2020ರ ವಸಂತದಲ್ಲಿ ಕೊರೊನಾ ಬಂದಾಗ ಯುರೋಪ್, ಅಮೆರಿಕದ ದೊಡ್ಡ ದೊಡ್ಡ ಬಟ್ಟೆ ಕಂಪನಿಗಳು ಹೊಲಿದು ಮುಗಿದ ಮಾಲನ್ನೂ ಬೇಡವೆಂದವು. 2025ರ ಆಗಸ್ಟ್ 27ರಂದು ಅಮೆರಿಕ ನಮ್ಮ ದೇಶದ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ಅಲ್ಲಿ ಕಾಗದದ ಮೇಲೆ ಒಂದು ಸಹಿ ಬಿದ್ದರೆ ಬಟ್ಟೆ ಕೊಳ್ಳುವ ಬಯರ್ ಇಲ್ಲಿಯ ಮಾಲೀಕರಿಗೆ ದರ ಇಳಿಸಿ ಎನ್ನುತ್ತಾನೆ, ಮಾಲೀಕರು ಮ್ಯಾನೇಜರಿಗೆ, ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜಿಗೆ, ಅವನು ಸೂಪರ್‌ವೈಸರಿಗೆ. ಒತ್ತಡವೂ ನೀರಿನ ಹಾಗೆ, ಇಳಿಜಾರು ಕಂಡತ್ತ ಹರಿಯುತ್ತದೆ. ಕೊನೆಗೆ ನಿಲ್ಲುವುದು ಮಿಷನ್ನಿನ ಮುಂದೆ ಕೂತವಳ ಎರಡು ಭುಜಗಳ ನಡುವೆ.

ಮಾಲೀಕರನ್ನೆಲ್ಲ ಫರೋಹರು ಎಂದು ನಾನು ಕರೆಯುತ್ತಿಲ್ಲ. ಬ್ಯಾಂಕಿನ ಸಾಲ ತೀರಿಸಲು ಮನೆ ಮಾರಿದ ಸಣ್ಣ ಮಾಲೀಕರನ್ನೂ ನಾನು ಬಲ್ಲೆ. ಆದರೆ ಕಷ್ಟ ಎಲ್ಲರಿಗೂ ಒಂದೇ ಎಂಬ ಮಾತನ್ನು ಒಪ್ಪಲಾರೆ. ಕಷ್ಟದ ಕಾಲದಲ್ಲಿ ಯಾರ ಪಾಲಿನ ಹುಲ್ಲಿಗೆ ಮೊದಲು ಕೈ ಹಾಕುತ್ತಾರೆ ಎಂದು ನೋಡಬೇಕು.

ಒಂದು ಲೆಕ್ಕ ಹೇಳುತ್ತೇನೆ. 2020ರ ಏಪ್ರಿಲ್ 1ರಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ ಏರಬೇಕಿತ್ತು. ಹೊಸ ಸಂಬಳವೇನಲ್ಲ, ಬೆಲೆ ಏರಿದ್ದಕ್ಕೆ ಕಾನೂನು ಕೊಡಿಸುವ ಸರಿಪಡಿಕೆ ಅಷ್ಟೇ. ಕೊರೊನಾ ಕಾರಣ ಕೊಟ್ಟು ಸರ್ಕಾರವೇ ಅದನ್ನು ಮುಂದೂಡಲು ಬಿಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಬಾಕಿ ಸಮೇತ ಕೊಡಿ ಎಂದಿತು. ಆದರೂ ಬಹಳಷ್ಟು ಮಂದಿಯ ಕೈಗೆ ಅದು ಸೇರುವಷ್ಟರಲ್ಲಿ 2022 ಬಂದಿತ್ತು. ದಿನಕ್ಕೆ ಹದಿನಾರು ರೂಪಾಯಿ. ಅದೆಂಥ ಮಹಾ ಹಣ ಎಂದು ಕೇಳಿದವರಿದ್ದಾರೆ. ಅವರ ಮನೆಯಲ್ಲಿ ತಿಂಗಳ ಕೊನೆಯ ವಾರ ಎಂಬುದು ಬೇರೆ ವಾರಗಳ ಹಾಗೆಯೇ ಇರುತ್ತದೆ. ನಿಮ್ಮ ಮನೆಯಲ್ಲಿ ಆ ವಾರ ಹಾಲು ಅರ್ಧ ಲೀಟರಿನಿಂದ ಕಾಲು ಲೀಟರಿಗೆ ಇಳಿಯುತ್ತದೆ, ಗ್ಯಾಸು ಮುಗಿಯದಿರಲಿ ಎಂದು ಬೇಳೆಯನ್ನು ರಾತ್ರಿಯೇ ನೆನೆ ಹಾಕುತ್ತೀರಿ, ಮಗುವಿನ ಕೆಮ್ಮು ಒಂದನೇ ತಾರೀಖಿನವರೆಗೂ ತಡೆದುಕೊಳ್ಳಬೇಕಾಗುತ್ತದೆ.

ಹೀಗೆ ಲೆಕ್ಕ ಓಡುತ್ತಿರುವ ತಲೆಯಿಂದ ಕೆಲಸ ಹೇಗೆ ನಡೆಯುತ್ತದೆ? ಒಡಿಶಾದ ಹಳ್ಳಿಗಳಲ್ಲಿ ಎಲೆಯಿಂದ ಊಟದ ತಟ್ಟೆ ಮಾಡುವ ಕೂಲಿಗಳನ್ನು ಸುಪ್ರೀತ್ ಕೌರ್, ಸೆಂಧಿಲ್ ಮುಲ್ಲೈನಾಥನ್ ಮೊದಲಾದ ಅರ್ಥಶಾಸ್ತ್ರಜ್ಞರು ಗಮನಿಸಿದರು. ಎಲ್ಲರಿಗೂ ಒಂದೇ ದರ. ಕೆಲವರಿಗೆ ಮಾತ್ರ ಕೂಲಿಯ ಒಂದು ಭಾಗ ಮುಂಚೆಯೇ ಕೈಗೆ ಸಿಕ್ಕಿತು. ಸಿಕ್ಕವರು ಮೊದಲು ಅಂಗಡಿಯ ಸಾಲ, ನೆರೆಯವರ ಸಾಲ ತೀರಿಸಿದರು. ಆಮೇಲೆ ಅವರು ಮಾಡಿದ ತಟ್ಟೆಗಳ ಸಂಖ್ಯೆ ಏರಿತು, ತಪ್ಪು ಕಡಿಮೆಯಾಯಿತು, ಹೆಚ್ಚು ಬಡವರಲ್ಲಿ ಇನ್ನೂ ಹೆಚ್ಚಾಗಿ. ಹೊಸ ತರಬೇತಿ ಇರಲಿಲ್ಲ, ಬೈಗುಳ ಇರಲಿಲ್ಲ. ತಲೆಯ ಮೇಲಿನ ಭಾರ ಇಳಿದದ್ದಷ್ಟೇ. ಹೊಲಿಗೆ ತಪ್ಪಿ ರಿಪೇರಿಗೆ ವಾಪಸು ಬಂದ ಪೀಸನ್ನು ನೋಡಿ ಗಮನವಿಲ್ಲ ಎಂದು ಕೂಗುವ ಅಧಿಕಾರಿ ಮೊದಲು ಕೇಳಬೇಕಾದ್ದು ಸಂಬಳ ಆಯಿತೇ ಎಂದು.

ಪರಮಗ್ರಂಥಕ್ಕೆ ಇದು ಮೊದಲೇ ಗೊತ್ತಿತ್ತು. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕು, ಯಾಕೆಂದರೆ ಅವನು ಬಡವ, ಅವನ ಮನಸ್ಸೆಲ್ಲ ಅದರ ಮೇಲೇ ಇರುತ್ತದೆ ಎನ್ನುತ್ತದೆ ಧರ್ಮೋಪದೇಶಕಾಂಡದ 24ನೇ ಅಧ್ಯಾಯ. ಕೊಡುವುದು ತಡವಾದರೆ ಅವನು ದೇವರಿಗೆ ಮೊರೆಯಿಡುತ್ತಾನೆ, ಪಾಪ ನಿನ್ನ ತಲೆಗೆ ಬರುತ್ತದೆ ಎಂದೂ ಎಚ್ಚರಿಸುತ್ತದೆ. ಆ ಕಟ್ಟಳೆ ಬರೆದವರು ಕೂಲಿಯವನ ಮನಸ್ಸು ಎಲ್ಲಿರುತ್ತದೆ ಎಂದು ನೋಡಿದ್ದರು.

ಮತ್ತೆ ಈಜಿಪ್ಟಿಗೆ ಬನ್ನಿ. ಏಟು ಬಿದ್ದದ್ದು ಯಾರಿಗೆ? ಎಲ್ಲ ಇಸ್ರಯೇಲರಿಗಲ್ಲ. ಫರೋಹನ ಅಧಿಕಾರಿಗಳು ಇಸ್ರಯೇಲರೊಳಗಿಂದಲೇ ಮೇಸ್ತ್ರಿಗಳನ್ನು ನೇಮಿಸಿದ್ದರು. ನಿನ್ನೆಯ ಲೆಕ್ಕ ಎಲ್ಲಿ, ಇಂದಿನ ಲೆಕ್ಕ ಎಲ್ಲಿ ಎಂದು ಆ ಮೇಸ್ತ್ರಿಗಳನ್ನು ಹೊಡೆದರು. ನಮ್ಮಲ್ಲಿ ಸೂಪರ್‌ವೈಸರ್ ಆಗಿರುವ ತಮ್ಮಂದಿರೇ, ಅಕ್ಕಂದಿರೇ, ಈ ಜಾಗ ನಿಮ್ಮದು. ನಿಮ್ಮ ಸಂಬಳ ಟೈಲರ್‌ಗಿಂತ ತುಸು ಹೆಚ್ಚು, ನಿಮ್ಮ ಬಿ.ಪಿ. ಬಹಳ ಹೆಚ್ಚು. ಮೇಲಿನವರು ಮೀಟಿಂಗಿನಲ್ಲಿ ನಿಮ್ಮನ್ನು ನಿಲ್ಲಿಸಿ ಕೇಳುತ್ತಾರೆ, ನೀವು ಲೈನಿಗೆ ಬಂದು ಅದೇ ದನಿಯಲ್ಲಿ ಕೇಳುತ್ತೀರಿ.

ಯೆಹೂದ್ಯ ಗುರುಗಳ ಪರಂಪರೆ ಈ ಮೇಸ್ತ್ರಿಗಳ ಬಗ್ಗೆ ಒಂದು ಸೊಗಸಾದ ಮಾತು ಉಳಿಸಿಕೊಂಡು ಬಂದಿದೆ. ಅವರು ಏಟು ತಿಂದದ್ದು ತಮ್ಮ ಜನರನ್ನು ಹಿಂಡಲು ಒಪ್ಪದ ಕಾರಣಕ್ಕೆ ಎನ್ನುತ್ತಾರೆ ಆ ವ್ಯಾಖ್ಯಾನಕಾರರು. ಕಡಿಮೆ ಬಿದ್ದ ಇಟ್ಟಿಗೆಗೆ ಯಾರು ಹೊಣೆ ಎಂದು ಹೆಸರು ಹೇಳಿದ್ದರೆ ಬೆನ್ನು ಉಳಿಯುತ್ತಿತ್ತು. ಅವರು ಹೇಳಲಿಲ್ಲ. ಮುಂದೆ ಮರುಭೂಮಿಯಲ್ಲಿ ದೇವರು ಮೋಶೆಗೆ ಎಪ್ಪತ್ತು ಮಂದಿ ಹಿರಿಯರನ್ನು ಆರಿಸು, ನಿನ್ನ ಮೇಲಿರುವ ಆತ್ಮದಲ್ಲಿ ಅವರಿಗೂ ಪಾಲು ಕೊಡುತ್ತೇನೆ ಎಂದಾಗ, ಆ ಎಪ್ಪತ್ತು ಮಂದಿಯಲ್ಲಿ ಸೇರಿದವರು ಈ ಬಾಸುಂಡೆ ಬೆನ್ನಿನ ಮೇಸ್ತ್ರಿಗಳೇ. ಸಂಖ್ಯಾಕಾಂಡದ 11ನೇ ಅಧ್ಯಾಯದ ಬಗ್ಗೆ ಅವರು ಕೊಡುವ ವಿವರಣೆ ಇದು. ಮೇಲಿಂದ ಬಂದ ಏಟು ತನ್ನಲ್ಲೇ ನಿಲ್ಲಬೇಕು, ಕೆಳಗೆ ಇಳಿಯಬಾರದು ಎಂದು ನಿರ್ಧರಿಸಿದವರಿಗೆ ದೇವರು ಕೊಟ್ಟ ಬಡ್ತಿ! ಸೂಪರ್‌ವೈಸರುಗಳ ಮೇಲೆ ಇಷ್ಟು ಗೌರವ ಇಟ್ಟ ಇನ್ನೊಂದು ಕಥೆ ನಾನು ಓದಿಲ್ಲ. ಇದನ್ನು ಮಾಡುವುದು ಸುಲಭ ಎಂದೂ ಹೇಳುತ್ತಿಲ್ಲ, ಕೆಲಸ ಹೋಗುವ ಭಯ ನಿಮಗೂ ಇದೆ. ಆದರೆ ಹೆಸರು ಹಿಡಿದು ಬೈಯದೆ ಟಾರ್ಗೆಟ್ ಕೇಳಬಹುದು. ಹೊಟ್ಟೆನೋವು ಎಂದವಳನ್ನು ನಾಟಕ ಅನ್ನದೆ ಗೇಟ್ ಪಾಸ್ ಬರೆದುಕೊಡಬಹುದು. ಆಗದ ಲೆಕ್ಕವನ್ನು ಆಗುವುದಿಲ್ಲ ಎಂದು ಮೀಟಿಂಗಿನಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಬಹುದು.

ಈಗ ಸಾಲದ ವಿಷಯ. ಇದನ್ನು ಇಲ್ಲಿ ಎತ್ತಬಾರದು ಎಂದು ಕೆಲವರಿಗೆ ಅನಿಸಬಹುದು, ಮರ್ಯಾದೆಯ ಪ್ರಶ್ನೆ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಸಂಘದ ಕಂತು ಇದೆ, ಒಂದಲ್ಲ, ಎರಡು, ಮೂರು. ಒಂದರ ಕಂತಿಗೆ ಇನ್ನೊಂದರಿಂದ ಎತ್ತುವುದು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಿಮ್ಮ ಪಾಸ್‌ಬುಕ್ಕು ತೆಗೆದು ನೋಡಿ, ಎಷ್ಟಿದೆ ಎಂದು. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರೆಲ್ಲ ಸೇರಿ ಕಟ್ಟಬೇಕು, ಅವಳು ಕಟ್ಟುವವರೆಗೂ ಯಾರೂ ಏಳಬಾರದು. ಒಟ್ಟಿಗೆ ಜಪಮಾಲೆ ಹೇಳುತ್ತಿದ್ದ ಹೆಂಗಸರು ಒಬ್ಬರ ಮನೆಯ ಬಾಗಿಲಲ್ಲಿ ಇನ್ನೊಬ್ಬರು ಕೂತು ಕಾಯುವಂತಾಗಿದೆ. ಫರೋಹನಿಗೆ ಇಂಥದ್ದು ಹೊಳೆದಿದ್ದರೆ ಅಧಿಕಾರಿಗಳ ಸಂಬಳವೂ ಉಳಿಯುತ್ತಿತ್ತು.

2025ರ ಜನವರಿಯಲ್ಲಿ ರಾಮನಗರ, ಚಾಮರಾಜನಗರ, ಮೈಸೂರಿನ ಕಡೆ ಸಾಲ ವಸೂಲಿಯ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿ ಓದಿದಿರಿ. ಫೆಬ್ರವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು: ಸಾಲ ವಸೂಲಿಗೆ ಹಿಂಸೆ, ಬೆದರಿಕೆ, ಅವಮಾನ ಮಾಡಿದರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆಮೇಲೆ ಅದು ಕಾಯ್ದೆಯೂ ಆಯಿತು. ಇದು ನಿಮಗೆ ತಿಳಿದಿರಬೇಕು. ಸಾಲ ತೀರಿಸಬೇಕಾದ್ದು ಸರಿ. ರಾತ್ರಿ ಹೊತ್ತು ಬಾಗಿಲು ಬಡಿಯುವುದು ಅಪರಾಧ.

ನೆಹೆಮೀಯನ ಗ್ರಂಥದ 5ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ. ಜೆರುಸಲೇಮಿನ ಗೋಡೆ ಕಟ್ಟುತ್ತಿದ್ದಾರೆ, ದೇವರ ಕೆಲಸ. ಆದರೆ ಕಟ್ಟುವವರ ಮನೆಯಲ್ಲಿ ಕಾಳಿಲ್ಲ. ಹೊಲ, ದ್ರಾಕ್ಷಿ ತೋಟ, ಮನೆ ಎಲ್ಲ ಅಡವಿಟ್ಟಿದ್ದಾರೆ, ರಾಜನ ತೆರಿಗೆ ಕಟ್ಟಲು ಸಾಲ, ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದಾರೆ. ಸಾಲ ಕೊಟ್ಟವರು ಪರದೇಶದವರಲ್ಲ, ಪಕ್ಕದ ಬೆಂಚಿನವರು. ಜನ ಗೋಳಿಟ್ಟಾಗ ನೆಹೆಮೀಯ, ಈಗ ಗೋಡೆ ಮುಖ್ಯ, ಸಹಿಸಿಕೊಳ್ಳಿ ಅನ್ನಲಿಲ್ಲ. ಬಹಳ ಸಿಟ್ಟಾದ. ಮನಸ್ಸಿನಲ್ಲೇ ಯೋಚಿಸಿದ. ಆಮೇಲೆ ಸಭೆ ಕರೆದು ದೊಡ್ಡವರನ್ನು ಎಲ್ಲರೆದುರು ನಿಲ್ಲಿಸಿ, ಇಂದೇ ಹೊಲ ವಾಪಸು ಕೊಡಿ, ಬಡ್ಡಿ ವಾಪಸು ಕೊಡಿ ಎಂದ. ಅವರು ಕೊಡುತ್ತೇವೆ ಎಂದದ್ದನ್ನು ನಂಬಿ ಸುಮ್ಮನಾಗದೆ, ಯಾಜಕರನ್ನು ಕರೆಸಿ ಆಣೆ ಮಾಡಿಸಿದ. ಬುದ್ಧಿವಂತ!

ಫ್ಯಾಕ್ಟರಿಯ ಒತ್ತಡ, ಸಾಲದ ಒತ್ತಡ ಎರಡನ್ನೂ ಹೊತ್ತುಕೊಂಡು ಸಂಜೆ ಏಳಕ್ಕೆ ಮನೆ ಸೇರುತ್ತೀರಿ. ಅಲ್ಲಿ ಕೂಗಲು ಸಿಗುವುದು ಒಂದೇ ಜೀವ, ಹೋಂವರ್ಕ್ ಬರೆಯದ ಮಗು. ಗಂಡಸರಲ್ಲಿ ಕೆಲವರು ಮನೆಗೆ ಬರುವ ಮುಂಚೆಯೇ ಬಾರಿನಲ್ಲಿ ಇಳಿಯುತ್ತೀರಿ. ಇಲ್ಲಿ ನನ್ನ ಮಾತು ಸ್ಪಷ್ಟ ಇರಲಿ: ಮೇಲಿನವನು ಹೊಡೆದ ಎಂಬುದು ಹೆಂಡತಿಯ ಮೇಲೆ ಕೈ ಎತ್ತಲು ಪರವಾನಗಿ ಅಲ್ಲ. ಕಾರಣ ಗೊತ್ತಾದರೆ ನನಗೆ ಕನಿಕರ ಬರುತ್ತದೆ, ಕೃತ್ಯ ಮಾತ್ರ ಪಾಪವೇ. ಮೇಸ್ತ್ರಿಗಳು ನಿಲ್ಲಿಸಿದ ಹಾಗೆ ನಿಲ್ಲಿಸುವ ಜಾಗ ಪ್ರತಿಯೊಬ್ಬರಿಗೂ ಒಂದಿದೆ. ಗಂಡನಿಗೆ ಅದು ಮನೆಯ ಹೊಸ್ತಿಲು.

ಇಂದಿನ ವಾಚನದ ಕೊನೆಯ ಭಾಗಕ್ಕೆ ಬರೋಣ, ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಅದನ್ನೇ. ಮೇಸ್ತ್ರಿಗಳು ಫರೋಹನ ಅರಮನೆಯಿಂದ ಬರಿಗೈಯಲ್ಲಿ ಹೊರಬಂದು, ದಾರಿಯಲ್ಲಿ ನಿಂತಿದ್ದ ಮೋಶೆ, ಆರೋನರಿಗೆ ಶಾಪ ಹಾಕುತ್ತಾರೆ: ನಮ್ಮನ್ನು ಕೊಲ್ಲಲು ಅವನ ಕೈಗೆ ಕತ್ತಿ ಕೊಟ್ಟವರು ನೀವು ಎಂದು. ಇದು ಯಾವಾಗಲೂ ಹೀಗೇ. ಫರೋಹನ ಎದುರು ಸ್ವಾಮಿ ಎನ್ನುತ್ತೇವೆ, ನಮ್ಮ ಪರವಾಗಿ ಮಾತಾಡಿದವರನ್ನು ಬೈಯುತ್ತೇವೆ. ಯೂನಿಯನ್ನಿನಲ್ಲಿ ಓಡಾಡಿದವರಿಗೆ ಇದರ ಅನುಭವ ಚೆನ್ನಾಗಿದೆ. ಮೋಶೆ ದೇವರ ಬಳಿ ಹೋಗಿ ತಾನೂ ದೂರುತ್ತಾನೆ: ನನ್ನನ್ನು ಯಾಕೆ ಕಳಿಸಿದೆ? ನಾನು ಹೋದ ಮೇಲೆ ಜನರ ಪಾಡು ಇನ್ನೂ ಕೆಟ್ಟಿತಲ್ಲ? ದೇವರು ದೊಡ್ಡ ವಾಗ್ದಾನ ಕೊಡುತ್ತಾರೆ: ಬಿಡಿಸುತ್ತೇನೆ, ನಾಡು ಕೊಡುತ್ತೇನೆ. ಮೋಶೆ ಅದನ್ನು ಜನರ ಮುಂದೆ ಹೇಳುತ್ತಾನೆ. ಅವನ ಬದುಕಿನ ಮೊದಲ ದೊಡ್ಡ ಪ್ರಸಂಗ ಎನ್ನಬಹುದು. ಆದರೆ ಜನ ಕೇಳಿಸಿಕೊಳ್ಳಲಿಲ್ಲ. ಪವಿತ್ರ ಗ್ರಂಥವೇ ಕಾರಣ ಕೊಡುತ್ತದೆ: ಅವರ ಮನಸ್ಸು ಕುಗ್ಗಿಹೋಗಿತ್ತು, ದುಡಿಮೆ ಅಷ್ಟು ಕ್ರೂರವಾಗಿತ್ತು.

ಮುಂದಿನ ವಚನದಲ್ಲಿ ದೇವರು ಏನು ಮಾಡುತ್ತಾರೆ ನೋಡಿ. ಇವರಿಗೆ ವಿಶ್ವಾಸ ಕಡಿಮೆ ಎಂದು ಗದರುವುದಿಲ್ಲ. ಮೋಶೆ, ಮತ್ತೆ ಹೋಗಿ ಇನ್ನೊಂದು ಸಲ ಚೆನ್ನಾಗಿ ಬೋಧಿಸು ಎಂದೂ ಹೇಳುವುದಿಲ್ಲ. ಹೋಗಿ ಫರೋಹನೊಡನೆ ಮಾತಾಡು ಎನ್ನುತ್ತಾರೆ. ದಣಿದವರು ಕೇಳಿಸಿಕೊಳ್ಳಲಿಲ್ಲ ಎಂಬ ಸಂಗತಿಗೆ ದೇವರ ಉತ್ತರ, ದಣಿಸಿದವನ ಬಾಗಿಲಿಗೆ ದೂತನನ್ನು ಕಳಿಸುವುದು.

ಎಷ್ಟೋ ಸಲ ನೀವು ಬಂದು ಹೇಳುತ್ತೀರಿ: ಫಾದರ್, ಪ್ರಾರ್ಥನೆಗೆ ಕೂತರೂ ತಲೆಯಲ್ಲಿ ಪೀಸಿನ ಲೆಕ್ಕವೇ ಓಡುತ್ತೆ, ಪೂಜೆಯಲ್ಲಿ ಕಣ್ಣು ಮುಚ್ಚಿದರೆ ನಿದ್ದೆ ಬರುತ್ತೆ, ನನ್ನ ವಿಶ್ವಾಸ ಸತ್ತುಹೋಗಿದೆಯಾ? ಇಲ್ಲ ಅಮ್ಮ. ನೀನು ಹುಲ್ಲು ಆರಿಸಿ ಬಂದಿದ್ದೀಯ. ತಾಳ್ಮೆ, ಸಹನೆ, ಶಿಲುಬೆ ಎಂದು ಗುರುಗಳಾದ ನಾವು ದಣಿದವರಿಗೆ ಹೇಳುವುದು ಸುಲಭ, ಯಾಕೆಂದರೆ ನೀವು ತಿರುಗಿ ಮಾತಾಡುವುದಿಲ್ಲ. ಅದೇ ಮಾತನ್ನು ಬಯರ್‌ಗೋ ಮಂತ್ರಿಗೋ ಹೇಳಲು ಧೈರ್ಯ ಬೇಕು. 1891ರಲ್ಲಿ ವಿಶ್ವಗುರು 13ನೇ ಲಿಯೋ ಕಾರ್ಮಿಕರ ಸ್ಥಿತಿಯ ಬಗ್ಗೆ ವಿಶ್ವಪತ್ರ ಬರೆದಾಗ, ಕೂಲಿ ಎಂದರೆ ಇಬ್ಬರು ಒಪ್ಪಿಕೊಂಡ ಬೆಲೆ ಅಷ್ಟೇ ಎಂಬ ವಾದವನ್ನು ಒಪ್ಪಲಿಲ್ಲ; ದುಡಿಯುವವನು ಮಿತವಾಗಿ ಬಾಳಲು ಸಾಕಾಗುವಷ್ಟು ಕೂಲಿ ಸಿಗಬೇಕು, ಅದಕ್ಕಿಂತ ಕಡಿಮೆಗೆ ಹಸಿವಿನಿಂದ ಒಪ್ಪಿದರೆ ಅದು ಬಲಾತ್ಕಾರವೇ ಎಂದರು. ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ 12ನೇ ಪಿಯುಸ್ ಮಾಡಿದ್ದು 1955ರಲ್ಲಿ. ಹಬ್ಬ ಮಾಡಿ ಪಾಯಸ ಹಂಚಿದರೆ ಸಾಲದು.

ಮಾತು ಕೇಳಿಸಿಕೊಳ್ಳಲೂ ಆಗದಷ್ಟು ಕುಗ್ಗಿದವರು ನಮ್ಮ ನಡುವೆ ಇದ್ದರೆ? ಪ್ರವಾದಿ ಎಲೀಯ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡಿದ. ದೂತ ಬಂದು ಬುದ್ಧಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಹೂಜಿ ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಊಟವನ್ನೇ ತಂದ. ಮಾತು ಬಂದದ್ದು ಎಷ್ಟೋ ದಿನಗಳ ಆಮೇಲೆ. ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡು ಕೂತಿದ್ದರೆ ಮೊದಲು ಒಂದು ಪಾತ್ರೆ ಸಾರು ತೆಗೆದುಕೊಂಡು ಹೋಗಿ. ಸಾಯುವ ಮಾತು ಆಡಿದರೆ ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅದು, ಸರ್ಕಾರದ್ದು, ದುಡ್ಡು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹುಚ್ಚಿನ ನಂಬರಲ್ಲ, ಸಂಕಟದ ನಂಬರ್.

ಇನ್ನೊಂದು ಮಾತು ಮರೆಯಬಾರದು. ಕುಗ್ಗಿದ ಜನ ಯಾವಾಗಲೂ ಕುಗ್ಗಿಯೇ ಇರುವುದಿಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಾಯಿಸಿ, ಮಾಲೀಕರ ಪಾಲನ್ನು 58 ವರ್ಷದವರೆಗೂ ತೆಗೆಯುವಂತಿಲ್ಲ ಎಂದಿತು. ಮೂವತ್ತೈದಕ್ಕೇ ಕಣ್ಣು, ಬೆನ್ನು ಸೋತು ಮನೆಗೆ ಮರಳುವ ಟೈಲರ್‌ಗೆ 58 ಎಂದರೆ ಯಾವ ಜನ್ಮ? ಮಗಳ ಮದುವೆ, ಶಾಲೆಯ ಫೀಸು, ಆಸ್ಪತ್ರೆ, ಎಲ್ಲಕ್ಕೂ ಅದೇ ಗಂಟು. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ, ಮೈಸೂರು ರಸ್ತೆಯಲ್ಲಿ ಸಾವಿರಾರು ಹೆಂಗಸರು ಮಿಷನ್ ಬಿಟ್ಟು ಎದ್ದು ಬಂದರು, ಯಾವ ನಾಯಕರೂ ಕರೆ ಕೊಟ್ಟಿರಲಿಲ್ಲ. ಮರುದಿನ ಕಲ್ಲು ಬಿತ್ತು, ಬಸ್ಸು ಉರಿಯಿತು, ಲಾಠಿಯೂ ಬೀಸಿತು. ಬೆಂಕಿಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದೇ ದಿನ, 19ರಂದು, ದೆಹಲಿ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಬೆಂಗಳೂರಿನ ಹೆಂಗಸರಿಂದ ಇಡೀ ದೇಶದ ದುಡಿಯುವವರ ಗಂಟು ಉಳಿಯಿತು. ಅವರಲ್ಲಿ ಕೆಲವರು ಇಂದು ಇಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅದನ್ನು ಹೇಳಿಕೊಳ್ಳಲು ನಾಚಿಕೊಳ್ಳುತ್ತಾರೆ ಎಂಬುದು ನನಗೆ ಆಶ್ಚರ್ಯ.

ಕೆಲಸ ಕೊಡುವವರೂ ನಮ್ಮಲ್ಲಿದ್ದೀರಿ. ನಾಲ್ಕು ಮಿಷನ್ನಿನ ಜಾಬ್ ವರ್ಕ್ ಇಟ್ಟವರು, ಹೋಟೆಲ್ ನಡೆಸುವವರು, ಮನೆಗೆಲಸದವರನ್ನು ಇಟ್ಟುಕೊಂಡವರು, ಐಟಿ ಕಂಪನಿಯಲ್ಲಿ ಯಾರನ್ನು ತೆಗೆಯಬೇಕು ಎಂಬ ಪಟ್ಟಿಗೆ ಸಹಿ ಹಾಕುವವರು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಆಗಬೇಕು, ಕೆಲಸ ಬಿಟ್ಟವರ, ಬಿಡಿಸಲ್ಪಟ್ಟವರ ಬಾಕಿ ಎರಡು ಕೆಲಸದ ದಿನಗಳೊಳಗೆ. ಸೂರ್ಯ ಮುಳುಗುವುದರೊಳಗೆ ಎಂದ ಮೋಶೆಯ ಕಟ್ಟಳೆಗಿಂತ ಇದು ಎಷ್ಟೋ ಸಡಿಲ. ಇಷ್ಟಾದರೂ ಮಾಡಿ. ಮನೆಗೆಲಸದ ಅಮ್ಮನಿಗೆ ಸಂಬಳ ಕೊಡುವುದನ್ನು ಮರೆತು ಊರಿಗೆ ಹೋಗಬೇಡಿ.

ನೆಹೆಮೀಯನ ಕಥೆಯಲ್ಲಿ ನಾನು ಒಂದು ಸಂಗತಿ ಬಿಟ್ಟಿದ್ದೆ. ಬೇರೆಯವರಿಗೆ ಹೊಲ ವಾಪಸು ಕೊಡಿ ಎಂದ ಆ ರಾಜ್ಯಪಾಲ, ತನ್ನ ಹುದ್ದೆಗೆ ಸಲ್ಲಬೇಕಿದ್ದ ಊಟದ ಭತ್ಯೆಯನ್ನು ಹನ್ನೆರಡು ವರ್ಷ ತೆಗೆದುಕೊಳ್ಳಲಿಲ್ಲ, ಜನರ ಮೇಲಿನ ಭಾರ ಹೆಚ್ಚಿತ್ತೆಂದು. ಹಾಗಾಗಿ ಧರ್ಮಕೇಂದ್ರದ ಲೆಕ್ಕವೂ ತೆರೆಯಬೇಕು. ನಮ್ಮ ಶಾಲೆಯಲ್ಲಿ ಆಯಾಗಳಿದ್ದಾರೆ, ದೇವಾಲಯ ಗುಡಿಸುವವರಿದ್ದಾರೆ, ಗಂಟೆ ಬಾರಿಸುವ ತಾತ ಇದ್ದಾರೆ, ಕಾವಲುಗಾರರಿದ್ದಾರೆ. ಅವರಿಗೆ ಕನಿಷ್ಠ ವೇತನ ಸಿಗುತ್ತಿದೆಯೇ, ಪಿಎಫ್, ಇಎಸ್‌ಐ ಕಟ್ಟುತ್ತಿದ್ದೇವೆಯೇ, ಬೇಸಿಗೆ ರಜೆಯ ತಿಂಗಳುಗಳಲ್ಲಿ ಆಯಾಗಳ ಸಂಬಳ ಏನಾಗುತ್ತದೆ? ಪಾಲನಾ ಸಮಿತಿಯವರು ಈ ನಾಲ್ಕು ಕೆಲಸಗಳ ಸಂಬಳದ ಪಟ್ಟಿಯನ್ನು ಮುಂದಿನ ಭಾನುವಾರ ಪ್ರಕಟಣೆಗಳ ಹೊತ್ತಿನಲ್ಲಿ ಎಲ್ಲರೆದುರು ಓದಬೇಕು. ಗುರುಗಳ ಮನೆಯ ಖರ್ಚಿನ ಪಟ್ಟಿಯನ್ನು ನಾನೇ ಓದುತ್ತೇನೆ.

ಇವತ್ತು ಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ನಮ್ಮ ಯುವಕ ಯುವತಿಯರು ಮೇಜು ಹಾಕಿ ಕೂತಿರುತ್ತಾರೆ. ಸಂಬಳದ ಚೀಟಿ, ಪಿಎಫ್ ನಂಬರು, ಸಾಲದ ಪಾಸ್‌ಬುಕ್ಕು ತಂದವರು ಅಲ್ಲಿಗೆ ಹೋಗಿ. ತರದೆ ಇದ್ದವರು ಮನೆಗೆ ಹೋಗಿ ತನ್ನಿ, ಮಧ್ಯಾಹ್ನ ಎರಡರವರೆಗೂ ಇರುತ್ತಾರೆ. ಕಾಂಪ್ ಆಫ್‌ಗೆಂದು ಇಂದು ಫ್ಯಾಕ್ಟರಿಗೆ ಹೋದವರ ಕಾಗದಗಳನ್ನು ಅವರ ಮನೆಯವರೇ ತರಬಹುದು.